ತಿದ್ದುವವರು ಇರುವ ಕಡೆ ಹೋಗಿ

(ಪದವಿ ಕಾಲೇಜೊಂದರ ಎರಡನೇ ಮತ್ತು ಮೂರನೇ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಕೆಲವು ವರ್ಷದ ಹಿಂದೆ ನಮ್ಮ ಕಚೇರಿಗೆ ಒಬ್ಬ ಹುಡುಗಿ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ನಮ್ಮದು ರೈತರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ. ಎರಡು ತಿಂಗಳು ಇರುತ್ತೇನೆ ಅಂದಳು. ಮನೆಮನೆ ಸಮೀಕ್ಷೆಯ ಕೆಲಸ ಕೊಟ್ಟೆವು. ಎರಡು ಹಳ್ಳಿ, 140 ಮನೆ. ಎಷ್ಟು ಜಮೀನು, ಎಷ್ಟು ದನ, ಬೋರ್‌ವೆಲ್ ಇದೆಯಾ, ಹಾಲು ಡೇರಿಗೆ ಹಾಕ್ತೀರಾ, ಇಂಥ ಪ್ರಶ್ನೆಗಳು. ಬಿಸಿಲಲ್ಲಿ ಓಡಾಡಿ ಬರೆದುಕೊಂಡು ಬಂದಳು. ರಾತ್ರಿ ಕೂತು ಎಲ್ಲವನ್ನೂ ಎಕ್ಸೆಲ್ ಶೀಟಿಗೆ ತುಂಬಿ ನಮಗೆ ಮೇಲ್ ಮಾಡಿದಳು. ಕೊನೆಯ ದಿನ ಸರ್ಟಿಫಿಕೇಟ್ ತಗೊಳ್ಳೋಕೆ ನನ್ನ ಟೇಬಲ್ ಹತ್ತಿರ ಬಂದಳು. ತಗೊಂಡವಳು ಹೋಗಲಿಲ್ಲ, ಅಲ್ಲೇ ನಿಂತಳು.

"ಮೇಡಂ, ನಾನು ಕಳಿಸಿದ ಶೀಟ್ ಯಾರಾದರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅವಳು ಹೋದ ಮೇಲೆ ಆ ಶೀಟ್ ತೆರೆದೆ. ಜಮೀನಿನ ಕಾಲಂನಲ್ಲಿ ಕೆಲವು ಮನೆಯ ಲೆಕ್ಕ ಎಕರೆಯಲ್ಲಿತ್ತು, ಕೆಲವು ಮನೆಯದು ಗುಂಟೆಯಲ್ಲಿತ್ತು. ಎರಡೂ ಒಂದೇ ಕಾಲಂನಲ್ಲಿ, ಬರೀ ಅಂಕಿ. ಎಕರೆಗೆ 40 ಗುಂಟೆ. 2 ಎಕರೆಯವನ ಪಕ್ಕದಲ್ಲಿ 30 ಗುಂಟೆಯವನು ದೊಡ್ಡ ಜಮೀನುದಾರನ ಹಾಗೆ ಕಾಣುತ್ತಿದ್ದ. ಮೊದಲ ವಾರವೇ ನಮ್ಮಲ್ಲಿ ಯಾರಾದರೂ ಹತ್ತು ನಿಮಿಷ ಕೂತು ನೋಡಿದ್ದರೆ, "ನೋಡಮ್ಮ, ಎಲ್ಲಾನೂ ಗುಂಟೆಗೆ ತಂದು ಬರಿ" ಅಂತ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳಲಿಲ್ಲ. ಎರಡು ತಿಂಗಳು ದುಡಿದಳು, ಆದರೆ ಆ ಒಂದು ಪಾಠ ಅವಳಿಗೆ ಸಿಗಲಿಲ್ಲ. ಅದಕ್ಕೆ ಹೊಣೆ ನಾವು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇಂಟರ್ನ್‌ಶಿಪ್ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ಕರೆದಾಗ ಮೊದಲು ನೆನಪಾಗಿದ್ದು ಇದೇ. ಯಾವ ಕಂಪನಿ, ಎಷ್ಟು ಸ್ಟೈಪೆಂಡ್, ಸರ್ಟಿಫಿಕೇಟ್ ಮೇಲೆ ಯಾರ ಸಹಿ, ಇವನ್ನೆಲ್ಲ ನೀವು ಕೇಳೇ ಕೇಳುತ್ತೀರಿ. ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಅಲ್ಲಿ ನನ್ನ ಕೆಲಸ ನೋಡಿ ತಿದ್ದುವವರು ಯಾರು?

ತಿದ್ದುವುದು ಅನ್ನೋ ಮಾತು ನನಗೆ ತುಂಬಾ ಇಷ್ಟ. ನಾವೆಲ್ಲ ಅಕ್ಷರ ಕಲಿತದ್ದು ಹೇಗೆ? ಅಮ್ಮನೋ ಅಜ್ಜನೋ ಸ್ಲೇಟಿನ ಮೇಲೆ ದೊಡ್ಡದಾಗಿ 'ಅ' ಬರೆದುಕೊಡುತ್ತಿದ್ದರು. ಅದರ ಮೇಲೇ ಬಳಪ ಓಡಿಸಬೇಕು. ಮತ್ತೆ ಮತ್ತೆ ಓಡಿಸಿ ಆ ಅಕ್ಷರ ಬೆರಳಿನಷ್ಟು ದಪ್ಪ ಆಗುತ್ತಿತ್ತು. 'ಅಕ್ಷರ ತಿದ್ದೋದು' ಅಂತಲೇ ಅದಕ್ಕೆ ಹೆಸರು. ತಪ್ಪನ್ನು ಸರಿ ಮಾಡುವುದಕ್ಕೂ ಅದೇ ಮಾತು, ಕಲಿಯುವುದಕ್ಕೂ ಅದೇ ಮಾತು. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ದೊಡ್ಡ ವೈದ್ಯರೋ ವಕೀಲರೋ ಪತ್ರಕರ್ತರೋ ಇದ್ದರೆ, ಇವರು ಯಾರ ಗರಡಿಯಲ್ಲಿ ಪಳಗಿದವರು ಅಂತ ಕೇಳ್ತೀವಿ, ಅಲ್ವಾ? ಗರಡಿ ಅಂದ ಮೇಲೆ ಅಲ್ಲಿ ಉಸ್ತಾದ್ ಇರಲೇಬೇಕು. ಉಸ್ತಾದ್ ಇಲ್ಲದಿದ್ದರೆ ಅದು ಬರೀ ಕೆಮ್ಮಣ್ಣಿನ ಕೋಣೆ.

ನನ್ನ ಗರಡಿ ಯಾವುದು ಅಂತ ಹೇಳುತ್ತೇನೆ. ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೃಷಿ ಓದಿದವಳು. ಕೊನೆಯ ವರ್ಷದಲ್ಲಿ ನಮಗೆ 'ರಾವೆ' ಅಂತ ಇತ್ತು, ಈಗಲೂ ಇದೆ. ಗ್ರಾಮೀಣ ಕೃಷಿ ಕಾರ್ಯಾನುಭವ. ಹುಡುಗ ಹುಡುಗಿಯರನ್ನು ಗುಂಪು ಮಾಡಿ ಹಳ್ಳಿಗೆ ಕಳಿಸುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಒಬ್ಬೊಬ್ಬರಿಗೆ ಒಬ್ಬೊಬ್ಬ ರೈತ. ಅವರ ಹೊಲಕ್ಕೆ ಹೋಗಬೇಕು, ಕೆಲಸ ಮಾಡಬೇಕು, ದಿನಾ ಬರೆದಿಡಬೇಕು. ಹಳ್ಳಿಗಳ ಕಡೆಯಿಂದ ಬಂದವರು ನೋಡಿರುತ್ತೀರಿ, ಗುಡಿ ಮುಂದೆ ಬಣ್ಣದ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಸುತ್ತ ಜನರನ್ನು ಕೂರಿಸಿಕೊಂಡು ಕೆರೆ ಎಲ್ಲಿ, ಶಾಲೆ ಎಲ್ಲಿ ಅಂತ ಮಾತಾಡಿಸುವ ಹುಡುಗರು. ಅವರೇ ರಾವೆ ವಿದ್ಯಾರ್ಥಿಗಳು.

ಎರಡನೇ ವಾರ ಮಣ್ಣಿನ ಮಾದರಿ ತೆಗೆಯಲು ಹೋದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡಿದ್ದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹನ್ನೆರಡು ಜಾಗ ಗುರುತು ಮಾಡಬೇಕು. ಒಂದೊಂದರಲ್ಲೂ ಅರ್ಧ ಅಡಿ ಆಳ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಗುಂಡಿ ತೋಡಬೇಕು. ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಮಣ್ಣು ಹೆರೆದು ಬುಟ್ಟಿಗೆ ಹಾಕಿಕೊಳ್ಳಬೇಕು. ಎಲ್ಲ ಸೇರಿಸಿ ಚೀಲದ ಮೇಲೆ ಹರವಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ತೆಗೆದುಹಾಕಬೇಕು. ಉಳಿದದ್ದನ್ನು ಮತ್ತೆ ನಾಲ್ಕು ಪಾಲು. ಹೀಗೆ ಅರ್ಧ ಕೆಜಿಗೆ ಇಳಿಯುವ ತನಕ. ನೆರಳಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಎಲ್ಲ ಬಾಯಿಪಾಠ.

ಮೂರನೇ ಗುಂಡಿಗೆ ಗುದ್ದಲಿ ಎತ್ತಿದೆ. ಬದುವಿನ ಮೇಲೆ ಕೂತಿದ್ದ ಆ ಹೊಲದ ಅಜ್ಜ ಅಲ್ಲಿಂದಲೇ ಕೂಗಿದರು. "ಯವ್ವಾ ತಂಗಿ, ಅಲ್ಲಿ ತಗೀಬ್ಯಾಡ. ಹ್ವಾದ ವರ್ಷ ಅಲ್ಲೇ ತಿಪ್ಪಿ ಇತ್ತ."

ತಿಪ್ಪೆ ಇದ್ದ ಜಾಗದ ಮಣ್ಣು ಕಳಿಸಿದರೆ ಏನಾಗುತ್ತಿತ್ತು? ಇಡೀ ಹೊಲದಲ್ಲಿ ಸಾರ ಜಾಸ್ತಿ ಇದೆ ಅಂತ ವರದಿ ಬರುತ್ತಿತ್ತು. ಗೊಬ್ಬರ ಕಡಿಮೆ ಹಾಕಿ ಅಂತ ನಾನೇ ಸಲಹೆ ಬರೆದುಕೊಡುತ್ತಿದ್ದೆ. ಆ ವರ್ಷದ ಜೋಳ ಅಷ್ಟು ಕಡಿಮೆ ಬರುತ್ತಿತ್ತು. ತಿಪ್ಪೆ, ಬದು, ಮರದ ನೆರಳು ಬಿಡಬೇಕು ಅಂತ ನನ್ನ ಪುಸ್ತಕದಲ್ಲೂ ಇತ್ತು. ಆದರೆ ಹೋದ ವರ್ಷದ ತಿಪ್ಪೆ ಈ ವರ್ಷ ಕಣ್ಣಿಗೆ ಕಾಣುವುದಿಲ್ಲ. ಕೇಳಬೇಕು. ಅಜ್ಜ ಎದ್ದು ಬಂದು ನನ್ನ ಜೊತೆ ಹೊಲ ಪೂರ್ತಿ ಸುತ್ತಿದರು. ಇಲ್ಲಿ ನೀರು ನಿಲ್ತದ, ಅಲ್ಲಿ ಕುರಿ ತರುಬಿದ್ವಿ, ಈ ತುಂಡು ನನ್ನ ತಮ್ಮಂದು, ಹೀಗೆ ಹೇಳುತ್ತಾ ಬಂದರು. ಆವತ್ತಿನಿಂದ ಗುದ್ದಲಿ ಎತ್ತುವ ಮೊದಲು ಹೊಲದವರನ್ನು ಕೇಳುವುದು ನನಗೆ ಅಭ್ಯಾಸ ಆಯಿತು. 25 ವರ್ಷ ಆಯಿತು, ಆ ಅಭ್ಯಾಸದ ಮೇಲೆಯೇ ನನ್ನ ಊಟ ನಡೆದಿದೆ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಇಂಟರ್ನ್‌ಶಿಪ್ ಈಗ ಹೆಚ್ಚುಕಡಿಮೆ ಎಲ್ಲ ಕೋರ್ಸಿಗೂ ಬಂದಿದೆ. ಎಂಬಿಬಿಎಸ್ ಮಾಡಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದರೇನೇ ಡಾಕ್ಟರು. ಐದು ವರ್ಷದ ಕಾನೂನು ಪದವಿಯವರು ಓದು ಮುಗಿಯುವುದರೊಳಗೆ ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಸಿಎ ಓದುವವರಿಗೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು, ಮೊದಲು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ.

ಬೇಕು ಅನ್ನುವವರು ಜಾಸ್ತಿ ಆದಾಗ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ನನ್ನ ಅಕ್ಕನ ಮಗನ ಕಥೆ ಕೇಳಿ. ಫೋನಿಗೆ ಒಂದು ಮೆಸೇಜ್ ಬಂತು, ನೀನು ಆಯ್ಕೆ ಆಗಿದ್ದೀಯ ಅಂತ. ಇವನು ಅರ್ಜಿಯನ್ನೇ ಹಾಕಿರಲಿಲ್ಲ. ನೋಂದಣಿಗೆ 3,000 ರೂಪಾಯಿ ಕಟ್ಟಿದ. ವಾಟ್ಸಾಪ್ ಗುಂಪಿಗೆ ಸೇರಿಸಿದರು. ಒಂದಷ್ಟು ರೆಕಾರ್ಡ್ ಮಾಡಿದ ವಿಡಿಯೊ ಕಳಿಸಿದರು. ನಾಲ್ಕು ವಾರ ಕಳೆದ ಮೇಲೆ ಹೊಳೆಯುವ ಸರ್ಟಿಫಿಕೇಟ್ ಬಂತು, 'ಅತ್ಯುತ್ತಮ ಸಾಧನೆ' ಅಂತ. ಮುಂದೆ ಕೆಲಸದ ಸಂದರ್ಶನದಲ್ಲಿ ಒಬ್ಬರು ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರಂತೆ. "ಅಲ್ಲಿ ನಿನ್ನ ಕೆಲಸದಲ್ಲಿ ಏನು ತಪ್ಪು ಹುಡುಕಿದರು?" ಇವನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಹುಡುಕೋಕೆ ಅಲ್ಲಿ ಯಾರೂ ಇರಲಿಲ್ಲ.

ಇಂಟರ್ನ್‌ಶಿಪ್ ಕೊಡಿಸೋಕೆ ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಿ. ನಿಮ್ಮ ಅಪ್ಪ ಅಮ್ಮನ 3,000 ರೂಪಾಯಿ ಸಣ್ಣ ದುಡ್ಡಲ್ಲ.

ಕಾನೂನಿನ ಒಂದು ವಿಷಯ ಬೇಗ ಹೇಳಿಬಿಡುತ್ತೇನೆ. ಇಂಟರ್ನ್ ಬೇರೆ, ಅಪ್ರೆಂಟಿಸ್ ಬೇರೆ. ಅಪ್ರೆಂಟಿಸ್‌ಗೆ 1961ರಿಂದಲೂ ಕಾಯ್ದೆ ಇದೆ. ಒಪ್ಪಂದ ಆಗುತ್ತದೆ, ಅದು ನೋಂದಣಿ ಆಗುತ್ತದೆ, ಏನು ಕಲಿಸಬೇಕು ಅನ್ನುವುದು ಬರಹದಲ್ಲಿ ಇರುತ್ತದೆ. ಮೊದಲು ಇದು ಐಟಿಐ ಹುಡುಗರಿಗೆ ಅಂತ ಇತ್ತು, 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾದವರನ್ನೂ ಸೇರಿಸಿದರು. ಈಗ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯವರಿಗೂ ಜಾಗ ಇದೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಅಂತ ಗೊತ್ತು ಮಾಡಿದರು. ನಮ್ಮ ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ಇವೆಲ್ಲ ಅಪ್ರೆಂಟಿಸ್‌ಗಳನ್ನು ತಗೊಳ್ಳುತ್ತವೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಜಾಹೀರಾತು ಬಂದಿರುತ್ತದೆ, ಯಾರೂ ನೋಡುವುದಿಲ್ಲ. ಇಂಟರ್ನ್ ಅನ್ನುವವನಿಗೆ ಇಂಥ ಒಂದು ಕಾಯ್ದೆಯ ಬಲ ಇಲ್ಲ. ಒಂದು ಪತ್ರ, ಒಂದು ಮಾತು, ಅಷ್ಟೇ. ಹಾಗಾಗಿ ಸೇರುವ ಮೊದಲೇ ಕೆಲಸ ಏನು, ಎಷ್ಟು ದಿನ, ಯಾರ ಕೈಕೆಳಗೆ, ಎಷ್ಟು ದುಡ್ಡು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ಹಿಂದೆ ಕೂತವರು ಒಬ್ಬರು ಚೀಟಿ ಕಳಿಸಿದ್ದಾರೆ. 2024ರ ಜುಲೈ ಬಜೆಟ್‌ನಲ್ಲಿ ಘೋಷಣೆ ಆಯಿತು, ಅದೇ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ದೇಶದ 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷದಲ್ಲಿ 1 ಕೋಟಿ ಯುವಕ ಯುವತಿಯರಿಗೆ ಒಂದೊಂದು ವರ್ಷದ ಇಂಟರ್ನ್‌ಶಿಪ್ ಅನ್ನುವುದು ಗುರಿ. ಶುರುವಾದಾಗಿನ ನಿಯಮ ಹೀಗಿತ್ತು: ವಯಸ್ಸು 21ರಿಂದ 24, ಪೂರ್ಣಾವಧಿ ಓದು ಅಥವಾ ಕೆಲಸದಲ್ಲಿ ಇರಬಾರದು, ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಬಾರದು. ತಿಂಗಳಿಗೆ 5,000 ರೂಪಾಯಿ. ಅದರಲ್ಲಿ ಸರ್ಕಾರದ್ದು 4,500, ಕಂಪನಿಯದು 500. ಸೇರುವಾಗ ಒಂದು ಸಲ 6,000. ಐಐಟಿ, ಐಐಎಂನಂಥ ಕಡೆ ಓದಿದವರಿಗೆ ಇಲ್ಲ. ಅಂದರೆ ಓದು ಮುಗಿಸಿದ ನಿಮ್ಮಂಥವರಿಗೇ ಅಂತ ಮಾಡಿದ್ದು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಅದರ ಜಾಲತಾಣದಲ್ಲೇ ನೋಡಿಕೊಳ್ಳಿ.

ಅದರ ಮೊದಲ ಸುತ್ತಿನಲ್ಲಿ ಏನಾಯಿತು ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಕಂಪನಿಗಳು 82,000ಕ್ಕೂ ಹೆಚ್ಚು ಆಫರ್ ಕೊಟ್ಟವು. ಒಪ್ಪಿಕೊಂಡವರು ಸುಮಾರು 28,000. ಹೋಗಿ ಸೇರಿದವರು 8,700ರ ಆಸುಪಾಸು. ಈ ಅಂಕಿ ನೋಡಿ 'ಈಗಿನ ಹುಡುಗರಿಗೆ ಸೋಮಾರಿತನ' ಅಂದವರನ್ನು ಕೇಳಿದ್ದೇನೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಹಾವೇರಿಯ ಹುಡುಗನಿಗೆ ಬೆಂಗಳೂರಿನಾಚೆಯ ಕಾರ್ಖಾನೆಯಲ್ಲಿ ಜಾಗ ಬಂತು ಅನ್ನಿ. 5,000 ರೂಪಾಯಿ ಅಲ್ಲಿ ಪಿಜಿ ಬಾಡಿಗೆಗೂ ಸಾಲುವುದಿಲ್ಲ. ಊಟ, ಓಡಾಟಕ್ಕೆ ಮನೆಯಿಂದ ತರಿಸಬೇಕು. ಮನೆಯವರು ಅವನಿಂದ ದುಡ್ಡು ಬರಲಿ ಅಂತ ಕಾಯುತ್ತಿದ್ದಾರೆ. ಒಂದು ವರ್ಷ ಆದ ಮೇಲೆ ಕೆಲಸ ಕೊಡುತ್ತಾರಾ? ಆ ಮಾತನ್ನು ಯಾರೂ ಕೊಟ್ಟಿಲ್ಲ. ಅವನು ಹೋಗಲಿಲ್ಲ ಅಂದರೆ ಅದು ಲೆಕ್ಕ ಹಾಕಿ ಮಾಡಿದ ತೀರ್ಮಾನ. ಮನೆಯಿಂದ ದಿನಾ ಹೋಗಿ ಬರುವಷ್ಟು ಹತ್ತಿರ ಸಿಕ್ಕರೆ ಮಾತು ಬೇರೆ. ಆಗ ಅದೇ 5,000 ನಿಜವಾದ ಸಹಾಯ. ದೂರದ್ದು ಬಂದರೆ ಮೊದಲು ಅಲ್ಲಿನ ಬಾಡಿಗೆ ವಿಚಾರಿಸಿ, ಆಮೇಲೆ ಒಪ್ಪಿಕೊಳ್ಳಿ.

ವಿಜ್ಞಾನ ಓದುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಇಷ್ಟು ಜನ ಇದ್ದೀರಲ್ಲ, ನಿಮಗೆ ಇದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇದೆ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ್ದು. ಅದೂ, ದೆಹಲಿ ಮತ್ತು ಪ್ರಯಾಗರಾಜ್‌ನ (ಹಿಂದಿನ ಅಲಹಾಬಾದ್) ಇನ್ನೆರಡು ಅಕಾಡೆಮಿಗಳೂ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ಪ್ರಯಾಣದ ಖರ್ಚು ಕೊಡುತ್ತಾರೆ, ತಿಂಗಳಿಗಿಷ್ಟು ಅಂತ ಹಣವನ್ನೂ ಕೊಡುತ್ತಾರೆ. ಯಾಕೆ ಬರಬೇಕು ಅಂತ ಒಂದು ಸಣ್ಣ ಬರಹ, ಒಬ್ಬ ಮೇಷ್ಟ್ರ ಶಿಫಾರಸು, ಇಷ್ಟನ್ನು ಹೊಂದಿಸಿಕೊಳ್ಳಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದವರೂ ಇಂಥದ್ದೇ ಬೇಸಿಗೆ ಫೆಲೋಶಿಪ್ ನಡೆಸುತ್ತಾರೆ. ಬೇಸಿಗೆಯ ಅರ್ಜಿ ಚಳಿಗಾಲದಲ್ಲೇ ಹಾಕಬೇಕು. ಏಪ್ರಿಲ್‌ನಲ್ಲಿ ಎದ್ದರೆ ಆಗುವುದಿಲ್ಲ. ನಮ್ಮ ಜಿಲ್ಲಾ ಕಾಲೇಜುಗಳಿಂದ ಅರ್ಜಿ ಹಾಕುವವರು ಸಿಕ್ಕಾಪಟ್ಟೆ ಕಡಿಮೆ. ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ ಅಂತ ಮೊದಲೇ ತೀರ್ಮಾನ ಮಾಡಿಬಿಡುತ್ತೀರಿ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಬೇಡ ಅನ್ನುವ ಕೆಲಸ ಅವರಿಗೆ ಬಿಡಿ, ನೀವು ಅರ್ಜಿ ಹಾಕಿ.

ಇನ್ನು ನಾಯಕತ್ವದ ವಿಷಯ. ಲೀಡರ್‌ಶಿಪ್ ಕಾರ್ಯಕ್ರಮ ಅಂತ ಪೋಸ್ಟರ್ ನೋಡಿದರೆ ಅದರಲ್ಲಿ ಯಾವಾಗಲೂ ಒಬ್ಬರು ಮೈಕ್ ಹಿಡಿದಿರುತ್ತಾರೆ. ನಾನು ನಾಯಕತ್ವ ಅನ್ನೋದನ್ನ ಮೊದಲು ನೋಡಿದ್ದು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದ ಅಡುಗೆ ಕೋಣೆಯಲ್ಲಿ.

ಎನ್‌ಎಸ್‌ಎಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ಏಳು ದಿನದ ಶಿಬಿರ. ನಮ್ಮ ಶಿಬಿರ ಒಂದು ಹಳ್ಳಿಯ ಶಾಲೆಯಲ್ಲಿತ್ತು. 50 ಜನ. ಎರಡನೇ ದಿನದ ತಿಂಡಿ ನನ್ನ ಗುಂಪಿನ ಪಾಳಿ. ಉಪ್ಪಿಟ್ಟು. 50 ಜನಕ್ಕೆ ಎಷ್ಟು ರವೆ? ಆರು ಹುಡುಗಿಯರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ನಾನೇ ಗುಂಪಿನ ನಾಯಕಿ. ಎರಡು ಕೆಜಿ ಸಾಕು ಅಂದೆ. ಗುಂಪಿನಲ್ಲಿ ಒಬ್ಬಳು ಯಾವಾಗಲೂ ಸುಮ್ನೆ ಇರುವವಳು. ಅವಳು ಯಾರಿಗೂ ಹೇಳದೆ ಎದ್ದು ಹೋದಳು. ಊರಿನಲ್ಲಿ ದೊಡ್ಡ ಅಡುಗೆ ಮಾಡುವ ಅಕ್ಕನ ಮನೆ ಎಲ್ಲಿ ಅಂತ ಕೇಳಿಕೊಂಡು ಹೋಗಿ ಅವರನ್ನೇ ಕರೆದುಕೊಂಡು ಬಂದಳು. ಅವರು ಪಾತ್ರೆ ನೋಡಿದರು, ನಮ್ಮನ್ನು ನೋಡಿದರು. "ನಾಲ್ಕು ಕೆಜಿ ಬೇಕವ್ವಾ. ಮೊದಲು ರವೆ ಹುರೀರಿ, ಇಲ್ಲಾ ಅಂದ್ರೆ ಗಂಟು ಗಂಟು ಆಗ್ತದ." ಒಂದು ಗಂಟೆ ನಿಂತು ಮಾಡಿಸಿದರು. ಆವತ್ತು ಎಲ್ಲರಿಗೂ ಹೊಟ್ಟೆ ತುಂಬ ಸಿಕ್ಕಿತು. ನಾಯಕಿ ಅಂತ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿತ್ತು. ಕೆಲಸ ಆಗುವ ಹಾಗೆ ಮಾಡಿದವಳು ಅವಳು. ಗೊತ್ತಿದ್ದವರು ಯಾರು ಅಂತ ಹುಡುಕಿ, ನಾಚಿಕೊಳ್ಳದೆ ಹೋಗಿ ಕರೆದಳು. ಏಳನೇ ದಿನಕ್ಕೆ ಎಲ್ಲರೂ ಅವಳನ್ನೇ ಕೇಳುತ್ತಿದ್ದರು.

ನಿಮ್ಮ ಕಾಲೇಜಿನಲ್ಲೂ ಎನ್‌ಎಸ್‌ಎಸ್ ಇದೆ. ಅದನ್ನು ಹಾಜರಾತಿಗೆ ಅಂತ ಮಾಡಬೇಡಿ. ಅಡುಗೆ, ಲೆಕ್ಕ, ಊರವರ ಜೊತೆ ಮಾತು, ಇವುಗಳಲ್ಲಿ ಒಂದನ್ನು ಕೇಳಿ ವಹಿಸಿಕೊಳ್ಳಿ.

ನಮ್ಮ ರಾಜ್ಯದಲ್ಲೇ ಇನ್ನೂ ಇವೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನವರ 'ಲೀಡ್' ಅನ್ನುವ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ತನ್ನ ಊರಿನ ಒಂದು ಸಮಸ್ಯೆ ಹಿಡಿದುಕೊಂಡು ಹೋದರೆ ಅದನ್ನು ಮಾಡಿ ನೋಡಲು ಸಣ್ಣ ಮೊತ್ತ ಮತ್ತು ಮಾರ್ಗದರ್ಶನ ಕೊಡುತ್ತಾರೆ. ಮೈಸೂರಿನ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಅದರ ಹುಟ್ಟನ್ನು ನೋಡಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು, ಓದುತ್ತಿರುವಾಗಲೇ ಶುರು ಮಾಡಿದ್ದು. ಆಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಿಗೆ ಹೋಗಿ ಆಸ್ಪತ್ರೆ ಕಟ್ಟಿದರು, ಶಾಲೆ ಕಟ್ಟಿದರು. ನಿಮ್ಮ ವಯಸ್ಸಿನವರೇ ಆಗ ಅವರು. ಈಗ ಆ ಸಂಸ್ಥೆ ಯುವಕರಿಗೆ ನಾಯಕತ್ವದ ತರಬೇತಿಯನ್ನೂ ಕೊಡುತ್ತದೆ.

ಜಾಗೃತಿ ಯಾತ್ರೆ ಅಂತ ಇದೆ. 2008ರಿಂದ ನಡೆಯುತ್ತಿದೆ. ನೂರಾರು ಯುವಕ ಯುವತಿಯರು ಒಂದೇ ರೈಲಿನಲ್ಲಿ 15 ದಿನ, 8,000 ಕಿಲೋಮೀಟರ್ ದೇಶ ಸುತ್ತುತ್ತಾರೆ. ಅಲ್ಲಲ್ಲಿ ಇಳಿದು ಹೊಸ ಕೆಲಸ ಕಟ್ಟಿದವರನ್ನು ನೋಡಿ ಬರುತ್ತಾರೆ. ಅದಕ್ಕೆ ಶುಲ್ಕ ಇದೆ, ಕಟ್ಟಲಾಗದವರಿಗೆ ರಿಯಾಯಿತಿಯೂ ಇದೆ. ಅರ್ಜಿ ಹಾಕುವಾಗಲೇ ಕೇಳಿ. ಓದು ಮುಗಿಸಿದವರಿಗೆ ಎಸ್‌ಬಿಐ ಯೂತ್ ಫಾರ್ ಇಂಡಿಯಾ ಇದೆ, 13 ತಿಂಗಳು ಹಳ್ಳಿಯಲ್ಲಿದ್ದು ಕೆಲಸ. ಟೀಚ್ ಫಾರ್ ಇಂಡಿಯಾ ಎರಡು ವರ್ಷ, ತರಗತಿಯಲ್ಲಿ ಮಕ್ಕಳಿಗೆ ಪಾಠ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರದವರಿಗೆ ಲ್ಯಾಂಪ್ ಫೆಲೋಶಿಪ್. ಅದರಲ್ಲಿ ಒಬ್ಬ ಸಂಸದರ ಜೊತೆ ಸೇರಿ ಸಂಸತ್ತಿನ ಪ್ರಶ್ನೆ, ಮಸೂದೆಗಳಿಗೆ ಬೇಕಾದ ಮಾಹಿತಿ ಸಿದ್ಧ ಮಾಡಿಕೊಡಬೇಕು. ಹೆಸರು ಬರೆದುಕೊಳ್ಳಿ. ವಿವರಕ್ಕೆ ನಿಮ್ಮ ಫೋನೇ ಸಾಕು.

ಅರ್ಜಿ ಬರೆಯುವುದರಲ್ಲಿ ನೀವು ಎಡವುತ್ತೀರಿ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವರ್ಷಕ್ಕೆ ನೂರಕ್ಕೂ ಹೆಚ್ಚು ಅರ್ಜಿ ಓದುತ್ತೇನೆ. ಮುಕ್ಕಾಲು ಪಾಲು ಒಂದೇ ಥರ. ನಾನು ಶ್ರಮಜೀವಿ, ತಂಡದಲ್ಲಿ ಹೊಂದಿಕೊಳ್ಳುತ್ತೇನೆ, ಹೊಸದನ್ನು ಕಲಿಯುವ ಹಂಬಲ ಇದೆ. ಎಲ್ಲಿಂದಲೋ ಇಳಿಸಿಕೊಂಡ ಸಾಲುಗಳು. ಓದಿ ಮುಗಿಸಿದರೂ ಬರೆದವರ ಮುಖ ಕಾಣುವುದಿಲ್ಲ.

ಒಂದು ಸಲ ಗದಗ ಜಿಲ್ಲೆಯ ಒಬ್ಬ ಬಿ.ಕಾಂ. ಹುಡುಗ ಕನ್ನಡದಲ್ಲೇ ಬರೆದು ಕಳಿಸಿದ್ದ. "ನಮ್ಮ ತಂದೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಎರಡು ವರ್ಷದಿಂದ ನಾನು ಬರೆಯುತ್ತಿದ್ದೇನೆ. 60 ಮನೆಯ ಲೆಕ್ಕ ಇದೆ. ತಿಂಗಳ ಕೊನೆಗೆ ಕೇಳಲು ಹೋಗುವವನೂ ನಾನೇ. ಜಗಳ ಆಗದ ಹಾಗೆ ಕೇಳುವುದನ್ನು ಕಲಿತಿದ್ದೇನೆ." ಇಷ್ಟೇ. ಆವತ್ತೇ ಫೋನ್ ಮಾಡಿ ಕರೆದೆ. ಲೆಕ್ಕ ಇಡಬಲ್ಲ, ಜನರ ಹತ್ತಿರ ದುಡ್ಡಿನ ಮಾತು ಆಡಬಲ್ಲ, ಮಾತು ಕೆಡಿಸಿಕೊಳ್ಳುವುದಿಲ್ಲ. ನಮ್ಮ ಸ್ವಸಹಾಯ ಸಂಘಗಳ ಕೆಲಸಕ್ಕೆ ಬೇರೆ ಏನು ಬೇಕು?

ನಿಮ್ಮಲ್ಲೂ ಇಂಥ ಒಂದು ಇದ್ದೇ ಇರುತ್ತದೆ. ಡೇರಿಗೆ ಹಾಲು ಹಾಕಿ ಫ್ಯಾಟ್ ಚೀಟಿ ಕೂಡಿಸಿಟ್ಟವರು, ಗಣಪತಿ ಹಬ್ಬದ ಚಂದಾ ಲೆಕ್ಕ ಇಟ್ಟವರು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಫಾರಂ ತುಂಬಿಸಿದವರು. ಅದನ್ನು ಅರ್ಜಿಯಲ್ಲಿ ಬರೆಯಿರಿ. ಇಂಗ್ಲಿಷಿನಲ್ಲೇ ಬೇಕು ಅಂದರೆ ಮೊದಲು ಕನ್ನಡದಲ್ಲಿ ಬರೆದು, ನಿಮ್ಮ ಇಂಗ್ಲಿಷ್ ಮೇಷ್ಟ್ರ ಹತ್ತಿರ ಕೂತು ಮಾಡಿಕೊಳ್ಳಿ.

ಸೇರಿದ ಮೇಲೆ ಮೊದಲ ಶುಕ್ರವಾರದೊಳಗೆ ಏನಾದರೂ ಒಂದನ್ನು ಮಾಡಿ ಒಬ್ಬರಿಗೆ ತೋರಿಸಿ. ಪೂರ್ತಿ ಆಗಬೇಕಿಲ್ಲ. 140 ಮನೆಯಲ್ಲಿ ಹತ್ತು ಮನೆಯದ್ದು ಸಾಕು. "ಸರ್, ಇದು ಸರಿ ಇದೆಯಾ ಒಂದು ಸಲ ನೋಡ್ತೀರಾ?" ಅಂತ ಕೇಳಿ. ಅವರು ಬ್ಯುಸಿ ಅಂದರೆ ಸೋಮವಾರ ಮತ್ತೆ ಕೇಳಿ. ಮೂರು ಸಲ ಕೇಳಿದರೂ ಯಾರೂ ನೋಡದಿದ್ದರೆ, ಅಲ್ಲಿ ಇನ್ನೂ ಎರಡು ತಿಂಗಳು ಕೂರಬೇಕಾ ಅಂತ ಯೋಚಿಸಿ. ಒಂದು ನೋಟ್‌ಬುಕ್ ಇಡಿ. ದಿನಾ ರಾತ್ರಿ ಮೂರು ಸಾಲು: ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾರು ಏನು ತಿದ್ದಿದರು. ಮೂರನೇ ಸಾಲು ಎರಡು ವಾರ ಖಾಲಿ ಇದ್ದರೆ ನಿಮಗೇ ಗೊತ್ತಾಗುತ್ತದೆ. ಆ ಹುಡುಗಿ ಹೋದ ಮೇಲೆ ನಮ್ಮ ಕಚೇರಿಯಲ್ಲಿ ಶುಕ್ರವಾರ ಸಂಜೆ ನಾಲ್ಕು ಗಂಟೆ ಇಂಟರ್ನ್‌ಗಳಿಗೆ ಅಂತ ಎತ್ತಿಟ್ಟಿದ್ದೇವೆ. ಆ ವಾರದ ಕೆಲಸವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇವೆ.

ಕೊನೆಗೆ ಎರಡು ಪ್ರಶ್ನೆ ಬಂದವು. ದುಡ್ಡು ಕೊಡದ ಇಂಟರ್ನ್‌ಶಿಪ್ ಮಾಡಬಹುದಾ ಅಂತ ಒಬ್ಬರು ಕೇಳಿದಿರಿ. ತಿದ್ದುವವರು ಇದ್ದು, ಮನೆಯಿಂದ ಹೋಗಿ ಬರುವ ಹಾಗಿದ್ದು, ಒಂದು ತಿಂಗಳು ಎರಡು ತಿಂಗಳಾದರೆ ಮಾಡಿ. ಅದಕ್ಕಿಂತ ಹೆಚ್ಚು ದಿನ ನಿಮ್ಮ ಕೆಲಸದಿಂದ ಅವರಿಗೆ ಉಪಯೋಗ ಆಗುತ್ತಿದ್ದರೆ ಬಸ್ ಚಾರ್ಜು, ಊಟದ ಖರ್ಚಾದರೂ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಇನ್ನೊಂದು ಪ್ರಶ್ನೆ ಒಬ್ಬ ಹುಡುಗಿಯದು. ಮನೆಯಲ್ಲಿ ಕಳಿಸುವುದಿಲ್ಲ ಅಂದರೆ ಏನು ಮಾಡಲಿ? ಇದಕ್ಕೆ ನನ್ನ ಹತ್ತಿರ ಒಂದೇ ಸಾಲಿನ ಉತ್ತರ ಇಲ್ಲ. ಬೆಂಗಳೂರಿಗೇ ಹೋಗಬೇಕು ಅಂತ ಹಟ ಹಿಡಿಯಬೇಡ, ಹತ್ತಿರದಲ್ಲಿ ಹುಡುಕು. ಜಿಲ್ಲಾ ಕೇಂದ್ರದಲ್ಲಿ ಆಡಿಟರ್ ಕಚೇರಿ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಪತ್ರಿಕೆಯ ಕಚೇರಿ ಇದೆ, ವಕೀಲರಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. 40 ಕಿಲೋಮೀಟರ್ ದೂರ ಇದ್ದರೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಖರ್ಚಿನ ಮಾತು ಅಲ್ಲಿಗೆ ಮುಗಿಯಿತು. ಉಳಿಯುವುದು ಭಯದ ಮಾತು. ಅದಕ್ಕೆ ಅಪ್ಪನನ್ನೋ ಅಮ್ಮನನ್ನೋ ಒಂದು ದಿನ ಆ ಜಾಗಕ್ಕೆ ಕರೆದುಕೊಂಡು ಹೋಗು. ಎಲ್ಲಿ ಕೂರುತ್ತೀಯ, ಯಾರ ಜೊತೆ ಕೆಲಸ ಮಾಡುತ್ತೀಯ ಅಂತ ಅವರ ಕಣ್ಣಿಗೆ ಕಾಣಲಿ.

ನಾನು ರಾವೆಗೆ ಹೋಗುವಾಗ ನಮ್ಮ ಮನೆಯಲ್ಲೂ ಬೇಡ ಅಂದಿದ್ದರು. ಮೂರನೇ ವಾರ ಅಪ್ಪ ಹೇಳದೆ ಕೇಳದೆ ಬಸ್ಸು ಹತ್ತಿ ಬಂದುಬಿಟ್ಟರು. ನಾನು ಹೊಲದಲ್ಲಿದ್ದೆ. ಅಜ್ಜ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದ್ದರು. ನಾನು ಬರುವ ಹೊತ್ತಿಗೆ ಇಬ್ಬರೂ ಎತ್ತಿನ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಅಪ್ಪ ನನ್ನ ಮಣ್ಣು ಮೆತ್ತಿದ ಕೈ ನೋಡಿದರು, ಏನೂ ಅನ್ನಲಿಲ್ಲ. ಸಂಜೆ ಬಸ್ಸಿಗೆ ಹೊರಟಾಗ ಅಜ್ಜನಿಗೆ, "ಹುಡುಗಿ ತಪ್ಪು ಮಾಡಿದ್ರ ಬೈಯಿರಿ" ಅಂದು ಬಸ್ಸು ಹತ್ತಿದರು.